ಕುಂಬಾರಕೊಪ್ಪಲಿನ ತವರುಮನೆ

ಕಾಗದಪತ್ರದಲ್ಲಿ ಅದರ ಹೆಸರು 'ಮಡಿಲು ಕುಟುಂಬ ಸೇವಾ ಟ್ರಸ್ಟ್'. ಆದರೆ ಕುಂಬಾರಕೊಪ್ಪಲಿನಲ್ಲಿ ಆ ಹೆಸರು ಹೇಳಿ ವಿಳಾಸ ಕೇಳಿದರೆ ಆಟೋದವನೂ ತಲೆ ಕೆರೆದುಕೊಳ್ಳುತ್ತಾನೆ. "ತವರುಮನೆ ಎಲ್ಲಿ?" ಎಂದು ಕೇಳಬೇಕು. ಆಗ ಹಿಟ್ಟಿನ ಗಿರಣಿಯವನೂ ಸೊಪ್ಪು ಮಾರುವವಳೂ ಒಟ್ಟಿಗೇ ಕೈ ತೋರಿಸುತ್ತಾರೆ, ಅಗೋ ಗಿರಣಿ ಮೇಲಿನ ಮಹಡಿ ಎಂದು.

ಅಲ್ಲಿ ಮೂರು ಕೋಣೆ, ಒಂದು ಅಡುಗೆಮನೆ. ವಿಧವಾ ವೇತನಕ್ಕೆ ಅರ್ಜಿ ಬರೆಯುವುದು, ರೇಷನ್ ಕಾರ್ಡಿಗೆ ಮಗುವಿನ ಹೆಸರು ಸೇರಿಸುವುದು, ಶಾಲೆ ಬಿಟ್ಟವರನ್ನು ಮತ್ತೆ ಶಾಲೆಗೆ ಅಟ್ಟುವುದು, ಕುಡುಕ ಗಂಡನನ್ನು ಶಿಬಿರಕ್ಕೆ ಒಪ್ಪಿಸುವುದು, ಹೀಗೆ ಹತ್ತೊಂಬತ್ತು ವರ್ಷದಿಂದ ಅಲ್ಲಿ ನಡೆಯದ ಕೆಲಸವಿಲ್ಲ. ಸಂಬಳಕ್ಕೆ ಐದು ಜನ. ಎಲ್ಲರ ಮೇಲೆ ಮಹದೇವಮ್ಮ. ಅರವತ್ತೆರಡು ವಯಸ್ಸು, ಇಲವಾಲದ ಒಕ್ಕಲು ಮನೆಯಲ್ಲಿ ಹುಟ್ಟಿದವರು, ಹದಿನಾರು ವರ್ಷ ಅಂಗನವಾಡಿ ಟೀಚರಾಗಿದ್ದವರು. ಜಿಲ್ಲಾ ಕಚೇರಿಯ ಅಧಿಕಾರಿಯನ್ನೂ "ಏನಪ್ಪ, ಊಟ ಆಯ್ತಾ?" ಎಂದೇ ಮಾತಾಡಿಸುವ ಹೆಂಗಸು. ಮೀಟಿಂಗಿನಲ್ಲಿ ಯಾರಾದರೂ ಪುಟಗಟ್ಟಲೆ ವರದಿ ಓದತೊಡಗಿದರೆ ಮರ್ಯಾದೆಯಿಲ್ಲದೆ ಆಕಳಿಸುತ್ತಿದ್ದರು. ಜನರನ್ನು ಕಂಡರೆ ಮಾತ್ರ ಪ್ರಾಣ.

ಅವರಿಗೆ ಹೆಸರು ಬಂದದ್ದು ಮುರಿದ ಸಂಸಾರ ಕೂಡಿಸುವುದರಲ್ಲಿ. ಗಂಡನ ಮನೆಯಿಂದ ಹೊರಬಿದ್ದು ಬಂದವಳನ್ನು ಮಹದೇವಮ್ಮ ಮೊದಲ ದಿನ ಏನೂ ಕೇಳುತ್ತಿರಲಿಲ್ಲ. "ಮುಖ ತೊಳ್ಕೊ, ಉಣ್ಣು, ಮಲಗು. ಮಾತು ನಾಳೆ ಆಡಾವ." ಅಷ್ಟೇ. ನಾಲ್ಕೈದು ದಿನ ಕಳೆದ ಮೇಲೆ ಗಂಡನನ್ನೂ ಅವನ ಹೆತ್ತವರನ್ನೂ ಕರೆಸಿ, ಚಾಪೆ ಮೇಲೆ ಕೂರಿಸಿ, ಚೆನ್ನಾಗಿ ಬೆವರಿಳಿಸುತ್ತಿದ್ದರು. ಅವನು ಎಲ್ಲರೆದುರು ತಪ್ಪಾಯಿತು ಎನ್ನಬೇಕು, ಮುಚ್ಚಳಿಕೆ ಬರೆದುಕೊಡಬೇಕು. ಆಮೇಲೆ ಹೆಣ್ಣನ್ನು ಕಳಿಸುವಾಗ ಮಡಿಲಕ್ಕಿ.

ಹೌದು, ಮಡಿಲಕ್ಕಿ. ಮೈಸೂರಿನಲ್ಲಿ ಇನ್ಯಾವ ಸಂಸ್ಥೆಯೂ ಇಟ್ಟುಕೊಳ್ಳದ ಪದ್ಧತಿ ಅದು. ಬಂದ ಹೆಣ್ಣುಮಕ್ಕಳಲ್ಲಿ ಮುಕ್ಕಾಲು ಪಾಲಿಗೆ ತವರು ಇರುವುದಿಲ್ಲ, ಇದ್ದರೂ ಬಾಗಿಲು ಮುಚ್ಚಿರುತ್ತದೆ. ಅಂಥವಳನ್ನು ಮಣೆಯ ಮೇಲೆ ಕೂರಿಸಿ, ಕೈಗೆ ಹಸಿರು ಬಳೆ ತೊಡಿಸಿ, ಸೆರಗಿಗೆ ಬೊಗಸೆ ಬೊಗಸೆ ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲದಚ್ಚು, ಎಲೆ ಅಡಿಕೆ, ರವಿಕೆ ಬಟ್ಟೆ ಹಾಕಿ ಮಹದೇವಮ್ಮನೇ ಮಡಿಲು ತುಂಬುತ್ತಿದ್ದರು. ಅವಳು ಆ ಅಕ್ಕಿಯಲ್ಲಿ ಒಂದು ಹಿಡಿ ತಿರುಗಿ ತಟ್ಟೆಗೆ ಹಾಕಿ, "ತವರು ತಣ್ಣಗಿರಲಿ" ಎನ್ನಬೇಕು. ಆ ಮಾತು ಹೇಳುವಾಗ ಅಳದೇ ಇದ್ದವಳು ಒಬ್ಬಳೂ ಇಲ್ಲ. ಬಾಗಿಲಲ್ಲಿ ನಿಂತ ಗಂಡಂದಿರೂ ಮೂಗು ಒರೆಸಿಕೊಳ್ಳುತ್ತಿದ್ದರು.

ಇದಕ್ಕೆಲ್ಲ ಮೂಲ ಮಹದೇವಮ್ಮನ ಸ್ವಂತ ಬದುಕು. ಅದನ್ನು ಅವರು ಪ್ರತಿಯೊಂದು ಜೋಡಿಗೂ, ಪ್ರತಿಯೊಂದು ತರಬೇತಿಯಲ್ಲೂ ಹೇಳುತ್ತಿದ್ದರು. ಮದುವೆಯಾದ ಹೊಸತರಲ್ಲಿ ಗಂಡ ದೇವಯ್ಯ ಕುಡಿದು ಬಂದು ಹೊಡೆಯುತ್ತಿದ್ದ. ಒಂದು ದಿನ ಇವರು ಬಟ್ಟೆ ಗಂಟು ಕಟ್ಟಿಕೊಂಡು ಇಲವಾಲಕ್ಕೆ ಹೋದರು. ಅವ್ವ ಒಂಬತ್ತು ದಿನ ಇಟ್ಟುಕೊಂಡಳು, ಹತ್ತನೇ ದಿನ ಮಡಿಲಕ್ಕಿ ಕಟ್ಟಿ ಕಳಿಸಿದಳು. "ಆವತ್ತಿಂದ ನಮ್ಮನೆಯವರು ನನ್ ಮೇಲೆ ಕೈ ಎತ್ತಿದ್ರೆ ಕೇಳಿ. ಸಾಯೋ ತನಕ ದೇವರಂಗಿದ್ರು. ಮಡಿಲಕ್ಕಿ ಮರ್ಯಾದೆ ಅಂದ್ರೆ ಅದು ಕಣಮ್ಮ," ಎಂದು ಮುಗಿಸುವ ಹೊತ್ತಿಗೆ ಕೇಳಿದವರ ಕಣ್ಣು ಒದ್ದೆಯಾಗಿರುತ್ತಿತ್ತು.

ವರ್ಷಿಣಿ ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಇಪ್ಪತ್ನಾಲ್ಕು ವಯಸ್ಸು. ಅಪ್ಪ ಅಮ್ಮ ಯಾರೆಂದು ಗೊತ್ತಿಲ್ಲ, ಬಾಲಮಂದಿರದಲ್ಲಿ ಬೆಳೆದು ಗಾರ್ಮೆಂಟ್ಸ್ ಸೇರಿದವಳು. ದೇವರಾಜ ಮೊಹಲ್ಲಾದ ಒಂದು ಬ್ಯಾಗಿನ ಅಂಗಡಿಯಲ್ಲಿ ಕೆಲಸಕ್ಕಿದ್ದ ಲಿಖಿತ್ ಎಂಬವನನ್ನು ಮೆಚ್ಚಿ ಮದುವೆಯಾಗಿ ಎರಡೂವರೆ ವರ್ಷ. ಮೇಟಗಳ್ಳಿಯಲ್ಲಿ ಬಾಡಿಗೆ ಮನೆ, ಜೊತೆಗೆ ಅತ್ತೆ ಲಕ್ಷ್ಮಮ್ಮ. ಹುಡುಗಿಯ ತುಟಿ ಒಡೆದಿತ್ತು. ಹಿಂದೆ ಮುಂದೆ ಕೇಳುವವರಿಲ್ಲ ಎಂದು ತಾಯಿ ಮಗ ಇಬ್ಬರಿಗೂ ಸದರವಾಗಿದ್ದಳು.

ಸಂಸ್ಥೆಯಲ್ಲಿ ಗಗನ ಎಂಬ ಹುಡುಗಿ ಆಪ್ತಸಮಾಲೋಚಕಿ. ಸಮಾಜಕಾರ್ಯ ಓದಿದವಳು, ನೇರ ಮಾತು. ಅವಳು ವರ್ಷಿಣಿಯ ಜೊತೆ ಎರಡು ದಿನ ಕೂತು ಮಾತಾಡಿ ಬಂದು, "ಇವಳನ್ನ ವಾಪಸ್ ಕಳಿಸೋದು ಬೇಡ ಮೇಡಂ. ಅವನು ಒಂದು ಸಲ ಕತ್ತು ಹಿಸುಕಿದ್ದಾನೆ. ಕಂಪ್ಲೇಂಟ್ ಕೊಡಿಸೋಣ," ಎಂದಳು.

"ಕಂಪ್ಲೇಂಟ್ ಕೊಟ್ರೆ ಅಲ್ಲಿಗೆ ಮುಗೀತು. ಆಮೇಲೆ ಅವಳಿಗೆ ಯಾರವ್ರೆ ಹೇಳು? ಇಪ್ಪತ್ನಾಕು ವರ್ಷದ ಹುಡುಗಿ, ಜೀವನ ಪೂರ್ತಿ ಹಾಸ್ಟೆಲಲ್ಲೇ ಕೊಳೀಬೇಕಾ? ನನಗೆ ಬುಡು, ನಾನ್ ನೋಡ್ಕೋತೀನಿ," ಎಂದರು ಮಹದೇವಮ್ಮ.

ನೋಡಿಕೊಂಡರು. ಲಿಖಿತ್ ಬಂದ, ಅತ್ತ, ಕಾಲಿಗೆ ಬಿದ್ದ. ಅವನಂಥ ಸಭ್ಯನನ್ನು ಕಂಡೇ ಇಲ್ಲ ಎನ್ನುವ ಹಾಗೆ ಕೈ ಕಟ್ಟಿ ಕೂತ. ಲಕ್ಷ್ಮಮ್ಮ, "ನನಗೂ ಹೆಣ್ಮಕ್ಕಳಿಲ್ಲ ಕಣ್ರೀ, ಇವಳೇ ಮಗಳು," ಎಂದಳು. ಮುಚ್ಚಳಿಕೆ ಆಯಿತು. ಮಡಿಲು ತುಂಬುವ ದಿನ ವರ್ಷಿಣಿ ಸೆರಗು ಹಿಡಿದು ಕೂತವಳು, ಅಕ್ಕಿ ಬೀಳುತ್ತಿದ್ದ ಹಾಗೇ ಬಿಕ್ಕಿ ಬಿಕ್ಕಿ ಅತ್ತಳು. ಹುಟ್ಟಿದ ಮೇಲೆ ಯಾರೂ ಅವಳಿಗೆ ಇಂಥದ್ದೊಂದು ಮಾಡಿರಲಿಲ್ಲ. ಮದುವೆ ದಿನವೂ ಇಲ್ಲ, ರಿಜಿಸ್ಟರ್ ಆಫೀಸಿನಲ್ಲಿ ಸಹಿ ಹಾಕಿ ಬಂದದ್ದು.

"ಅಳಬ್ಯಾಡ ಮಗಳೇ. ಇದು ನಿನ್ನ ತವರು, ನಾನು ನಿನ್ನ ತಾಯಿ," ಎಂದು ಮಹದೇವಮ್ಮ ಅವಳ ತಲೆ ಸವರಿದರು. ಬಾಯಿಮಾತಿಗೆ ಅಂದದ್ದಲ್ಲ ಅದು. ಅವರಿಗೆ ಮಕ್ಕಳಿರಲಿಲ್ಲ, ದೇವಯ್ಯ ತೀರಿಕೊಂಡು ಎಂಟು ವರ್ಷವಾಗಿತ್ತು. ಆ ಹುಡುಗಿಯ ಮೇಲೆ ಅವರಿಗೆ ನಿಜವಾಗಿಯೂ ಮಮತೆ ಹುಟ್ಟಿತ್ತು. ವರ್ಷಿಣಿ ಒಂದು ಹಿಡಿ ಅಕ್ಕಿ ತಟ್ಟೆಗೆ ಹಾಕಿ, "ತವರು ತಣ್ಣಗಿರಲಿ" ಎಂದು ಯಾರೂ ಹೇಳಿಕೊಡದೆ ಮೂರು ಸಲ ಹೇಳಿದಳು.

ಹಾಗೆ ಕಳಿಸಿದ ಮೇಲೆ ಮನೆಗೆ ಹೋಗಿ ನೋಡಿ ಬರುವುದೂ ಇತ್ತು. ಎಂಟನೇ ದಿನ, ತಿಂಗಳಿಗೆ, ಮೂರು ತಿಂಗಳಿಗೆ. ಅಲ್ಲೂ ಮಹದೇವಮ್ಮನದೇ ಕಾನೂನು. ನಾವೇನು ಪೊಲೀಸರಲ್ಲ, ತವರಿನವರು. ಕೈಯಲ್ಲಿ ಫೈಲ್ ಹಿಡಿದು ಹೋಗಬಾರದು, ಮೂಸಂಬಿ, ಒಂದು ಮೊಳ ಮಲ್ಲಿಗೆ ಹಿಡಿದು ಹೋಗಬೇಕು. ಹಜಾರದಲ್ಲಿ ಕೂತು, ಕೊಟ್ಟ ಕಾಫಿ ಕುಡಿದು, ಬೀಗರನ್ನು ಗೌರವವಾಗಿ ಮಾತಾಡಿಸಿ, "ಹೇಗಿದ್ದೀಯ ತಾಯಿ?" ಎಂದು ಕೇಳಿ ಬರಬೇಕು. ಹೆಣ್ಣನ್ನು ಒಳಕ್ಕೆ ಕರೆದುಕೊಂಡು ಹೋಗಿ ಗುಸುಗುಸು ಮಾಡಿದರೆ ಗಂಡನ ಮನೆಯವರಿಗೆ ಅವಮಾನ, ಆಮೇಲೆ ಅವಳಿಗೇ ಕಷ್ಟ. ಗಗನ ಇದಕ್ಕೆ ಎಷ್ಟೋ ಸಲ ತಗಾದೆ ಎತ್ತಿದ್ದಳು. "ಅತ್ತೆ ಎದುರಿಗೆ ನಿಂತಿರುವಾಗ ಯಾರು ತಾನೇ ಚೆನ್ನಾಗಿಲ್ಲ ಅಂತಾರೆ ಮೇಡಂ?" ಎಂದು. ಅದಕ್ಕೆ ಮಹದೇವಮ್ಮ, "ಹೆತ್ತ ತಾಯಿಗೆ ಮಗಳ ಮುಖ ನೋಡಿದ್ರೆ ಗೊತ್ತಾಯ್ತದೆ ಬುಡವ್ವ," ಎಂದುಬಿಡುತ್ತಿದ್ದರು.

ಆಷಾಢ ಬಂತು. ಒಂದು ಮಧ್ಯಾಹ್ನ ವರ್ಷಿಣಿ ಫೋನ್ ಮಾಡಿದಳು.

"ಅಮ್ಮ, ಆಷಾಢ ಅಲ್ವಾ, ಒಂದು ತಿಂಗಳು ತವರಿಗೆ ಬರ್ಲಾ?"

ಮಹದೇವಮ್ಮನಿಗೆ ನಗು ಬಂತು. "ಅಯ್ಯೋ ಹುಚ್ಚಿ, ಆಷಾಢಕ್ಕೆ ಬರೋದು ಹೊಸ ಮದುವೆ ಹೆಣ್ಣು ಕಣೇ. ನಿನ್ ಮದುವೆಯಾಗಿ ಮೂರು ವರ್ಷ ಆಗ್ತಾ ಬಂತಲ್ಲ! ಜನ ಏನಂದಾರು?"

ವರ್ಷಿಣಿ ದನಿ ತಗ್ಗಿಸಿ, "ಸ್ವಲ್ಪ ಕೈ ಮಾಡ್ತಾರಮ್ಮ. ಮೊದಲಿನಷ್ಟಿಲ್ಲ. ಸ್ವಲ್ಪ," ಎಂದಳು.

ಮಹದೇವಮ್ಮನ ಮೇಜಿನ ಮೇಲೆ ಆವತ್ತು ಸಂಸ್ಥೆಯ ಇಪ್ಪತ್ತನೇ ವರ್ಷದ ಕಾರ್ಯಕ್ರಮದ ಆಹ್ವಾನಪತ್ರಿಕೆಯ ಕರಡು ಇತ್ತು. ಕಾರ್ತೀಕದಲ್ಲಿ ಕಾರ್ಯಕ್ರಮ. ಒಂದಾದ ಜೋಡಿಗಳನ್ನು ವೇದಿಕೆ ಮೇಲೆ ಕೂರಿಸಿ ಸನ್ಮಾನ ಮಾಡುವುದೆಂದು ತೀರ್ಮಾನವಾಗಿತ್ತು, ಆ ಪಟ್ಟಿಯಲ್ಲಿ ಮೊದಲ ಹೆಸರೇ ವರ್ಷಿಣಿ ಮತ್ತು ಲಿಖಿತ್. ಅದಕ್ಕೋಸ್ಕರವೇ ಮುಂದಿನ ಮಾತು ಆಡಿದರು ಎಂದರೆ ಅನ್ಯಾಯವಾದೀತು. ಆದರೆ ಅದು ಕಣ್ಣೆದುರಿಗೆ ಇದ್ದದ್ದಂತೂ ನಿಜ.

"ಹೊಂದ್ಕೊಂಡು ಹೋಗು ಮಗಳೇ," ಎಂದರು. "ಗಂಡಸರ ಬುದ್ಧಿ ಒಂದೇ ಸಲಕ್ಕೆ ನೆಟ್ಟಗಾಗಲ್ಲ. ಗೌರಿ ಹಬ್ಬಕ್ಕೆ ನಾನೇ ಬಾಗಿನ ತಗೊಂಡು ಬತ್ತೀನಿ."

"ಆಯ್ತಮ್ಮ," ಎಂದು ವರ್ಷಿಣಿ ಫೋನ್ ಇಟ್ಟಳು. ಮಹದೇವಮ್ಮ ಈ ಮಾತನ್ನು ಗಗನಳಿಗೆ ಹೇಳಲಿಲ್ಲ. ಹೇಳಿದರೆ ಅವಳು ಸುಮ್ಮನಿರುವವಳಲ್ಲ ಎಂದು ಗೊತ್ತಿತ್ತು.

ಗೌರಿ ಹಬ್ಬಕ್ಕೆ ಮಾತಿನಂತೆ ಹೋದರು. ಮೊರದ ಬಾಗಿನ, ಹೊಸ ಸೀರೆ, ಹೂವು ಹಣ್ಣು. ಲಕ್ಷ್ಮಮ್ಮ ಕಾಯಿ ಹೋಳಿಗೆ ಹಾಕಿ ಉಪಚಾರ ಮಾಡಿದಳು. ವರ್ಷಿಣಿ ನಾಲ್ಕು ತಿಂಗಳ ಬಸುರಿ ಎಂಬ ಸುದ್ದಿ ಕೇಳಿ ಮಹದೇವಮ್ಮನ ಸಂತೋಷಕ್ಕೆ ಪಾರವೇ ಇಲ್ಲ. ಮಾತಾಡಿಸಿದಾಗಲೆಲ್ಲ ಹುಡುಗಿ ತಲೆಯನ್ನು ಒಂದು ಕಡೆ ವಾಲಿಸಿ, ಎಡಗಿವಿಯನ್ನು ಮುಂದೆ ತಂದು ಕೇಳಿಸಿಕೊಳ್ಳುತ್ತಿದ್ದಳು. ಬಸುರಿ ಹೆಣ್ಣಿನ ನಾಚಿಕೆ ಎಂದುಕೊಂಡರು ಮಹದೇವಮ್ಮ. ಮಗಳ ಮುಖ ನೋಡಿದರೆ ತಾಯಿಗೆ ಗೊತ್ತಾಗುತ್ತದೆ ಎಂದಿದ್ದರಲ್ಲ, ಇಷ್ಟೇ ಗೊತ್ತಾಗಿದ್ದು. "ಚೆನ್ನಾಗಿದ್ದೀಯಾ?" ಎಂದರೆ, "ಚೆನ್ನಾಗಿದ್ದೀನಮ್ಮ" ಎಂದು ಬಾಗಿನ ತೆಗೆದುಕೊಂಡು ಕಾಲಿಗೆ ನಮಸ್ಕಾರ ಮಾಡಿದಳು.

ಹಬ್ಬ ಕಳೆದು ಹದಿನೇಳನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ ಫೋನ್ ಬಂತು, ಆಸ್ಪತ್ರೆಯಿಂದ. ಮಾತಾಡಿದ್ದು ವರ್ಷಿಣಿಯ ಪಕ್ಕದ ಮನೆಯ ಸುಂದರಮ್ಮ ಎಂಬ ಹೂ ಕಟ್ಟುವ ಹೆಂಗಸು.

ಮಹದೇವಮ್ಮ, ಗಗನ ಇಬ್ಬರೂ ಆಟೋ ಹಿಡಿದು ಓಡಿದರು. ವಾರ್ಡಿನ ಹೊರಗೆ ಸುಂದರಮ್ಮ ನಿಂತಿದ್ದಳು. ಕೆಂಡದಂಥ ಕೋಪ ಅವಳಿಗೆ.

"ನೀವೇನಾ ತವರುಮನೆಯವರು? ಬನ್ನಿ, ಬನ್ನಿ. ಬಲಗೈ ಮುರಿದವ್ನೆ. ಹೊಟ್ಟೇಲಿದ್ದ ಕೂಸು ಹೋಯ್ತು. ಕಿವಿ ತಮಟೆ ಹರಿದು ಎಷ್ಟೋ ದಿನ ಆಗದಂತೆ, ಡಾಕ್ಟ್ರು ಹೇಳಿದ್ರು. ಬಲಗಿವಿ ಇನ್ನು ಕೇಳ್ಸಲ್ವಂತೆ. ದಿನಾ ಗೋಡೆ ಆಚೆಯಿಂದ ಕೇಳ್ಸಕೊಂಡಿದ್ದೋಳು ಕಣ್ರೀ ನಾನು. ನಿನ್ ತವರಿಗಾದ್ರೂ ಫೋನ್ ಮಾಡೇ ಅಂತ ಬಡ್ಕೊಂಡೆ. ಬ್ಯಾಡ ಕಣಕ್ಕ, ಅಮ್ಮ ಮಡಿಲಕ್ಕಿ ಕಟ್ಟಿ ಕಳ್ಸವ್ರೆ, ಅವರ ಮುಖಕ್ಕೆ ಮಸಿ ಬಳೀಲಾ ಅಂತಿದ್ಲು. ಏನ್ ಅಕ್ಕಿ ಕಟ್ಟಿದ್ರೀ ನೀವು? ಬಾಯಿಗೇ ತುರುಕಿ ಕಳಿಸಿದ್ರಾ?"

ಮಹದೇವಮ್ಮ ಗೋಡೆ ಪಕ್ಕದ ಬೆಂಚಿನ ಮೇಲೆ ಕೂತರು. ಗಗನ ಡಾಕ್ಟರನ್ನು ಹುಡುಕಿಕೊಂಡು ಹೋದಳು. ನಿಂತು ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಆ ಬೆಂಚಿನ ಮೇಲೆ ಕೂತಾಗ ಅವರಿಗೆ ಅಣ್ಣ ಚಿಕ್ಕಣ್ಣನ ನೆನಪಾಯಿತು. ಮಡಿಲಕ್ಕಿ ಕಟ್ಟಿಸಿಕೊಂಡು ತಾವು ಗಂಡನ ಮನೆಗೆ ಬಂದ ಮರುದಿನವೇ ಚಿಕ್ಕಣ್ಣ ಇಲವಾಲದಿಂದ ಸೈಕಲ್ ತುಳಿದುಕೊಂಡು ರೈಲ್ವೆ ವರ್ಕ್‌ಶಾಪಿನ ಗೇಟಿಗೆ ಬಂದಿದ್ದ. ಆರಡಿ ಆಳು. ಅಲ್ಲಿ ಕೆಲಸ ಮುಗಿಸಿ ಹೊರಗೆ ಬಂದ ದೇವಯ್ಯನನ್ನು ಅವನ ಸ್ನೇಹಿತರೆದುರಿಗೇ ಕೊರಳಪಟ್ಟಿ ಹಿಡಿದು ಎತ್ತಿ, "ಇನ್ನೊಂದ್ಸಲ ನಮ್ ಮಾದೇವಿ ಮೈ ಮುಟ್ಟು, ಈ ಕೈ ನಿನ್ ಭುಜದಲ್ಲಿರಕ್ಕಿಲ್ಲ," ಎಂದಿದ್ದ. ಅಷ್ಟಕ್ಕೇ ಬಿಡಲಿಲ್ಲ. ಆಮೇಲೆ ಎರಡು ವರ್ಷ, ಒಂದು ಭಾನುವಾರವೂ ತಪ್ಪಿಸದೆ ಬಂದು, ನೀರನ್ನೂ ಮುಟ್ಟದೆ ಜಗುಲಿಯ ಮೇಲೆ ಕೂತು, ತಂಗಿಯ ಮೈಕೈಯನ್ನೆಲ್ಲ ಕಣ್ಣಲ್ಲೇ ನೋಡಿಕೊಂಡು ಹೋಗುತ್ತಿದ್ದ.

ಇದು ಮಹದೇವಮ್ಮನಿಗೆ ಗೊತ್ತಿಲ್ಲದ್ದಲ್ಲ. ಮೊದಮೊದಲು ಕಥೆಯಲ್ಲಿ ಚಿಕ್ಕಣ್ಣನೂ ಇದ್ದ. ರೌಡಿತನದ ಮಾತು ತರಬೇತಿಯಲ್ಲಿ ಚೆನ್ನಾಗಿ ಕಾಣುವುದಿಲ್ಲವೆಂದು ಒಂದು ಸಲ ಬಿಟ್ಟರು. ಬಿಟ್ಟ ಮೇಲೆ ಕಥೆ ಇನ್ನೂ ಚೆನ್ನಾಯಿತು, ಜನ ಇನ್ನೂ ಹೆಚ್ಚು ಅತ್ತರು. ವರ್ಷ ಕಳೆದ ಹಾಗೆ ಅವರಿಗೇ ಅಣ್ಣ ಮರೆತುಹೋದ, ಅಕ್ಕಿ ಮಾತ್ರ ಉಳಿಯಿತು. ನಾನೂರು ಹೆಣ್ಣುಮಕ್ಕಳಿಗೆ ಬರೀ ಅಕ್ಕಿ ಕಟ್ಟಿ ಕಳಿಸಿದೆನಲ್ಲ, ಹಿಂದೆಯೇ ಹೋಗಿ ಕೊರಳಪಟ್ಟಿ ಹಿಡಿಯುವವರು ಯಾರಿದ್ದರು? ಮಲ್ಲಿಗೆ ಹಿಡಿದುಕೊಂಡು ಕಾಫಿ ಕುಡಿಯಲು ಹೋದೆನಲ್ಲ! ಅವರು ತಲೆ ಚಚ್ಚಿಕೊಂಡರು. ಓಡಾಡುತ್ತಿದ್ದ ಜನ ತಿರುಗಿ ನೋಡಿದರು.

ಒಳಗೆ ವರ್ಷಿಣಿ ಕಣ್ಣು ತೆರೆದು ಮಲಗಿದ್ದಳು. ಕೈಗೆ ಪಟ್ಟಿ, ಮುಖ ಊದಿತ್ತು. ಮಹದೇವಮ್ಮನನ್ನು ಕಂಡು ಏಳಲು ಹೋದಳು.

"ಮಲ್ಕೊ, ಮಲ್ಕೊ." ಮಹದೇವಮ್ಮ ಎಡಗಡೆ ಬಂದು ಕೂತರು. "ಮಗಳೇ, ತಪ್ಪಾಯ್ತು ಕಣವ್ವ. ನಡಿ, ಮನೆಗೆ ಹೋಗವ. ಟ್ರಸ್ಟಿಗಲ್ಲ, ನನ್ ಮನೆಗೆ. ನನ್ ಉಸಿರಿರೋ ಗಂಟ ನಿನ್ನ ಯಾರೂ ಮುಟ್ಟಂಗಿಲ್ಲ."

ಅವರಿಗೆ ಇನ್ನೇನೂ ಬೇಕಿರಲಿಲ್ಲ. ಟ್ರಸ್ಟು ಹೋಗಲಿ, ಹೆಸರು ಹೋಗಲಿ, ಈ ಹುಡುಗಿ ಒಂದು ಸಲ ಹ್ಞೂಂ ಅಂದುಬಿಟ್ಟರೆ ಸಾಕಿತ್ತು.

ವರ್ಷಿಣಿ ಚಾವಣಿ ನೋಡುತ್ತ ಹೇಳಿದಳು. "ಬೇಡಮ್ಮ. ನಾನು ಮೊದಲು ಬಂದಾಗಲೇ ಗಗನಕ್ಕ ಸರ್ಕಾರಿ ಹಾಸ್ಟೆಲ್ ಇದೆ ಅಂತ ಹೇಳಿದ್ರು. ಅಲ್ಲಿಗೆ ಹೋಗ್ತೀನಿ."

"ಯಾಕವ್ವ? ನನ್ ಮೇಲೆ ಸಿಟ್ಟಾ?"

"ಸಿಟ್ಟಿಲ್ಲಮ್ಮ. ಬಾಲಮಂದಿರದಲ್ಲಿದ್ದಾಗ ಯಾರಾದ್ರೂ ಹೊಡೆದ್ರೆ ಹೋಗಿ ಮೇಡಂಗೆ ಹೇಳ್ತಿದ್ದೆ, ಅವರು ಬರ್ಕೋತಿದ್ರು. ಅಷ್ಟೇ. ನೀವು ಮಗಳೇ ಅಂದ್ರಿ. ಆಮೇಲೆ ನನಗೆ ಪೂರ್ತಿ ಹೇಳೋಕೇ ಆಗ್ಲಿಲ್ಲ. ಹೇಳಿದ್ರೆ ನೀವು ನೊಂದ್ಕೋತೀರ, ನಿಮ್ಮ ಹೆಸರು ಹಾಳಾಗುತ್ತೆ ಅಂತ ಭಯ. ತವರು ಇಲ್ದೇ ಇದ್ದಿದ್ರೆ ಯಾವತ್ತೋ ಓಡಿ ಬಂದಿರ್ತಿದ್ದೆ." ಅವಳ ದನಿಯಲ್ಲಿ ಆರೋಪವೇ ಇರಲಿಲ್ಲ. ಅದೇ ಮಹದೇವಮ್ಮನ ಎದೆ ಸೀಳಿತು.

ಅಷ್ಟರಲ್ಲಿ ಗಗನಳ ಹಿಂದೆ ಮಹಿಳಾ ಠಾಣೆಯ ಪೊಲೀಸ್ ಅಧಿಕಾರಿ ಬಂದರು, ನಡುವಯಸ್ಸಿನವರು, ಕೈಯಲ್ಲಿ ಕಾಗದ ಸಿಕ್ಕಿಸಿದ ಹಲಗೆ. ಸ್ಟೂಲ್ ಎಳೆದು ಕೂತು ಹೇಳಿಕೆ ಬರೆಯತೊಡಗಿದರು. ವರ್ಷಿಣಿ ಎಲ್ಲವನ್ನೂ ಹೇಳಿದಳು. ಯಾವ ದಿನ, ಯಾವುದರಿಂದ, ಎಷ್ಟು ಸಲ. ಅಳಲಿಲ್ಲ.

"ಇದನ್ನೆಲ್ಲ ಮುಂಚೆ ಯಾರಿಗಾದರೂ ಹೇಳಿದ್ದೆಯೇನಮ್ಮ?" ಅಧಿಕಾರಿ ಮಹದೇವಮ್ಮನ ಕಡೆ ನೋಡಿ ಕೇಳಿದರು. "ರಾಜಿ ಮಾಡಿಸಿ ಕಳಿಸಿದವರು ಇವರಲ್ವಾ? ಇವರಿಗೆ ತಿಳಿಸಿದ್ದೆಯಾ?"

"ಇಲ್ಲ ಮೇಡಂ," ಎಂದಳು ವರ್ಷಿಣಿ. "ಅಮ್ಮಂಗೆ ಏನೂ ಗೊತ್ತಿಲ್ಲ. ನಾನೇ ಹೇಳ್ಲಿಲ್ಲ. ಹಬ್ಬಕ್ಕೆ ಬಂದಾಗಲೂ ಚೆನ್ನಾಗಿದ್ದೀನಿ ಅಂದೆ."

ಮಹದೇವಮ್ಮನಿಗೆ ಅರ್ಥವಾಯಿತು. ಈ ಹುಡುಗಿ ಈಗಲೂ, ಮೈ ಮುರಿದುಕೊಂಡು ಮಲಗಿರುವಾಗಲೂ, ತವರಿನ ಮಾನ ಕಾಯುತ್ತಿದ್ದಾಳೆ. ಸುಮ್ಮನಿದ್ದರೆ ಸಾಕು, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಕಾರ್ತೀಕದ ಕಾರ್ಯಕ್ರಮ, ಇಲಾಖೆಯ ಅನುದಾನ, ಹತ್ತೊಂಬತ್ತು ವರ್ಷದ ಹೆಸರು, ಎಲ್ಲ ಉಳಿಯುತ್ತದೆ. ಹುಡುಗಿ ಮಾತ್ರ ಇನ್ನೊಂದು ಸಲ ಸುಳ್ಳು ನುಂಗಿಕೊಂಡು ಹಾಸ್ಟೆಲಿಗೆ ಹೋಗುತ್ತಾಳೆ.

"ಹೇಳಿದ್ಲು," ಎಂದರು ಮಹದೇವಮ್ಮ.

ವರ್ಷಿಣಿ, "ಅಮ್ಮ, ಬೇಡಿ," ಎಂದಳು.

"ಹೇಳಿದ್ಲು ಕಣ್ರೀ. ಆಷಾಢದಲ್ಲಿ ಫೋನ್ ಮಾಡಿ ಹೇಳಿದ್ಲು. ಒಂದ್ ತಿಂಗಳು ಬರ್ಲಾ ಅಂದ್ಲು, ಕೈ ಮಾಡ್ತಾರೆ ಅಂದ್ಲು. ಬರ್ಕೊಳ್ಳಿ."

ಗಗನ ಅವರನ್ನೇ ನೋಡುತ್ತ ನಿಂತಳು. ಅಧಿಕಾರಿ ಪೆನ್ನು ಎತ್ತಿ ಹಿಡಿದು ಕೇಳಿದರು: "ಅದಕ್ಕೆ ನೀವು ಏನಂದ್ರಿ?"

"ಹೊಂದ್ಕೊಂಡು ಹೋಗು ಮಗಳೇ ಅಂದೆ."

ಅಧಿಕಾರಿ ಬರೆದರು. ಬರೆಯುತ್ತ ಬರೆಯುತ್ತ ಒಂದು ಕ್ಷಣ ನಿಲ್ಲಿಸಿ, ಕೊಂಕಿಲ್ಲದೆ, ತಮ್ಮ ಕೆಲಸದ ರೀತಿಯಲ್ಲೇ ಕೇಳಿದರು: "ಮಗಳೇ ಅಂದಿದ್ದನ್ನೂ ಬರೀಲಾ?"

ವರ್ಷಿಣಿ ಆಗ ಮುಖ ಮುಚ್ಚಿಕೊಂಡು ಜೋರಾಗಿ ಅತ್ತಳು. ಅವಳ ತಲೆ ಸವರಲು ಮಹದೇವಮ್ಮ ಕೈ ಚಾಚಿದರು, ಆದರೆ ಮುಟ್ಟಲು ಧೈರ್ಯ ಬರಲಿಲ್ಲ.

"ಬರೀರಿ," ಎಂದರು.